ತಂಬಿಗೆಯೊಳಗಿನ ಹಾಡು

ನನ್ನ ಮೈದುನ ಚೌಡ ಮುಂಬೈಯಲ್ಲಿ ರೇಡಿಯೋ ವಿದ್ಯೆ ಕಲಿತು ಬಂದವನೆಂದು ನಮ್ಮೂರು ಮುಟ್ಟಳ್ಳಿಯಲ್ಲಿ ಹೇಳುವವರಿದ್ದಾರೆ. ಕಲಿತದ್ದು ಹೌದು, ಆದರೆ ರಸ್ತೆಯ ಆಚೆ ಬದಿಯಿಂದ. ರೇಡಿಯೋ ರಿಪೇರಿ ಅಂಗಡಿಯೊಂದರ ಎದುರಿನ ಚಾದಂಗಡಿಯಲ್ಲಿ ಎರಡು ವರ್ಷ ಲೋಟ ತೊಳೆದ. ತೊಳೆಯುತ್ತಲೇ ಎದುರಿನವರ ಕೈಕೆಲಸ ನೋಡಿದ. ದಿನಕ್ಕೆರಡು ಸಲ ಚಾ ಕೊಡಲು ಒಳಗೆ ಹೋದಾಗ ಅವರು ಬಿಸಾಡುವ ಸಾಮಾನನ್ನು ಬೇಡಿ ತಂದ. ಊರಿಗೆ ಮರಳಿದಾಗ ಅವನ ಟ್ರಂಕಿನಲ್ಲಿದ್ದದ್ದು ಎರಡು ಅಂಗಿ, ಉಳಿದದ್ದೆಲ್ಲ ತಂತಿ. ಅತ್ತಿಗೆಯಾಗಿ ನಾನು ಬೈಯಬೇಕಾದಷ್ಟು ಬೈದೆ. ಗದ್ದೆಯಿಂದ ಬಂದು ಕೈಕಾಲು ತೊಳೆದು ಆ ತಂತಿಗಳ ಜೊತೆ ಮಾತಾಡುತ್ತ ಕೂರುವವನನ್ನು ಎಷ್ಟೆಂದು ಬೈಯುವುದು? ಬೈಯುತ್ತ ಬೈಯುತ್ತ ನನಗೇ ನಗು ಬರುತ್ತಿತ್ತು.

ಅರವತ್ತಾರನೆಯ ಇಸವಿಯಲ್ಲಿ ಧಾರವಾಡದ ರೇಡಿಯೋದವರು ಬಂದು ನನ್ನ ಅತ್ತೆ ಸಣ್ಣಮ್ಮನಿಂದ ಮದುವೆಯ ಹಾಡೊಂದನ್ನು ಯಂತ್ರದೊಳಗೆ ಹಾಡಿಸಿಕೊಂಡು ಹೋದರು. ಅಂದಿನಿಂದ ಅತ್ತೆ ಆ ಹಾಡನ್ನು ಬಾಯಿಗೆ ತರಲಿಲ್ಲ.

"ಹಾಡು ಅವ್ರು ತಕಂಡು ಹೋದ್ರು. ತಿರುಗಿ ಬರೂವರೆಗೆ ನಾ ಹೆಂಗೆ ಹಾಡೂದು?" ಎಂದಳು.

ಇದು ಯಾರ ಪದ್ಧತಿಯೂ ಅಲ್ಲ, ಅತ್ತೆಯ ಸ್ವಂತ ಹಠ. ಆದರೆ ನನ್ನ ಮಗಳು ಮಂಜಿಯ ಮದುವೆ ಹತ್ತಿರ ಬಂದಿತ್ತು, ಆ ಹಾಡಿಲ್ಲದೆ ನಮ್ಮ ಮನೆಯಲ್ಲಿ ಹೆಣ್ಣನ್ನು ಹಸೆಗೆ ಕೂರಿಸಿದ್ದೇ ಇಲ್ಲ. ಅಷ್ಟರಲ್ಲಿ ಧಾರವಾಡದಿಂದ ಕಾರ್ಡು ಬಂತು. ಗುರುವಾರ ಸಂಜೆ ಆರೂಕಾಲಿಗೆ ಹಾಡು ಬರುತ್ತದೆ. ಮದುವೆ ಅದರ ಮುಂದಿನ ಸೋಮವಾರ. ಭಟ್ಕಳ ಪೇಟೆಯಲ್ಲಿ ರೇಡಿಯೋ ಇರುವ ಮನೆಗೆ ಹೋಗೋಣವೆಂದರೆ ಅತ್ತೆ ಒಪ್ಪಲಿಲ್ಲ.

"ನನ್ನ ಹಾಡು ಇಸ್ಕಂಬೂಕೆ ಯಾರ್ದೋ ಬಾಗ್ಲಲ್ಲಿ ನಾ ಎಂತಕೆ ನಿಲ್ಲೂದು? ಬರೂದಾದ್ರೆ ಇಲ್ಲಿಗೆ ಬರ್ಲಿ."

ಚೌಡನಿಗೆ ಇಷ್ಟೇ ಸಾಕಾಯಿತು. ರೇಡಿಯೋ ತಾನೇ ಕಟ್ಟುತ್ತೇನೆಂದು ಎರಡು ತೆಂಗಿನಮರಗಳ ನಡುವೆ ತಂತಿ ಎಳೆದ. ಪೇಟೆಗೆ ಓಡಿ ಕಲಾಯಿ ಹಾಕುವವರ ಹತ್ತಿರದಿಂದ ಬೆರಳು ದಪ್ಪದ ಬೆಸುಗೆ ಕಡ್ಡಿಯನ್ನೂ ಶೀಸೆಯಲ್ಲಿ ಆಸಿಡ್ಡನ್ನೂ ತಂದ.

"ಅತ್ಗೆ, ಈ ಬೆಸುಗೆ ಹಾಕಿದ್ರೆ ಕೊಡಪಾನ ಹತ್ತು ವರ್ಷ ಸೋರೂದಿಲ್ಲ. ತಂತಿ ಬಿಡ್ತದ್ಯಾ?"

ತಾಮ್ರದ ಮೂತಿಯ ಕಬ್ಬಿಣವನ್ನು ನನ್ನ ಒಲೆಯಲ್ಲೇ ಕಾಯಿಸಿದ. ಗಂಜಿಯ ಗಡಿಗೆ ಕೆಳಗಿಳಿಯಿತು, ಕಬ್ಬಿಣ ಮೇಲೇರಿತು. ಆ ದಪ್ಪ ಕಡ್ಡಿ ಸುಲಭಕ್ಕೆ ಕರಗುವಂಥದ್ದಲ್ಲ. ಕರಗುವಷ್ಟು ಕಾಯಿಸಿ ಒತ್ತಿದ್ದಕ್ಕೆ, ಮುಂಬೈಯಿಂದ ತಂದ ಮೂರು ಟ್ರಾನ್ಸಿಸ್ಟರಿನಲ್ಲಿ ಒಂದು ಅಲ್ಲೇ ಸತ್ತಿತು. ಸೆಟ್ಟಿಗೆ ಬೇಕಾದದ್ದು ಎರಡು, ಉಳಿದದ್ದೂ ಎರಡು. ಹೇಗೋ ಒಂದು ಹಲಗೆಯ ಮೇಲೆ ಜೋಡಿಸಿದ. ಶನಿವಾರ ಕಿವಿಗೆ ಸಿಕ್ಕಿಸುವ ಗುಂಡಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಚೌಡ ಅಂಗಳದಲ್ಲಿ ಮೂರು ಸುತ್ತು ಕುಣಿದ. ಸೋಮವಾರ ಬರೀ ಕರಕರ. ಮಂಗಳವಾರ ಅದೂ ಇಲ್ಲ.

ಅವನು ತಲೆಮೇಲೆ ಕೈಹೊತ್ತು ಕೂತದ್ದನ್ನು ನೋಡಲಾರದೆ ನಾನು ಹಲಗೆ ಎತ್ತಿ ನೋಡಿದೆ. ರೇಡಿಯೋದ ಬಗ್ಗೆ ನನಗೇನೂ ಗೊತ್ತಿಲ್ಲ. ಆದರೆ ಬೆಸುಗೆಯ ಸುತ್ತ ಹಸಿರು ಹಿಡಿದಿತ್ತು, ಹಸಿರು ನನಗೆ ಗೊತ್ತಿತ್ತು.

"ಇದು ಕಿಲುಬು, ಚೌಡ. ಹುಳಿ ಹತ್ತಿದ ತಾಮ್ರ ತೊಳೀದೆ ಇಟ್ರೆ ಹಿಂಗೇ ಆಗೂದು. ಕೊಡಪಾನ ದಪ್ಪ, ತಡೀತದೆ. ಈ ಕೂದಲಿನಂಥ ತಂತಿಗೆ ಆಸಿಡ್ ಕುಡಿಸಿದ್ಯಲ್ಲ, ಅದು ತಿಂದು ಮುಗಿಸ್ತು."

"ಮತ್ತೆ ಆ ಅಂಗಡಿಯವ್ರು ಎಂತ ಹಾಕ್ತಿದ್ರು?"

"ರಸ್ತೆ ದಾಟಿ ಕೇಳಿದ್ರೆ ಹೇಳ್ತಿದ್ರು."

ಅವನು ಹಲಗೆಯನ್ನು ಮಗುಚಿ ಇಟ್ಟ. ಹಾಗೆ ಹೇಳಬಾರದಿತ್ತೆಂದು ನನಗೇ ಅನಿಸಿತು. ಆಗಲೇ ದೀಪ ಹಚ್ಚುವ ಹೊತ್ತಾಗಿತ್ತು. ಕೆಂಡದ ಮೇಲೆ ಒಂದು ಚಿಟಿಕೆ ರಾಳ ಉದುರಿಸಿ ದೇವರಿಗೆ ಧೂಪ ತೋರಿಸಿದೆ. ಹೊಗೆ ಜಗಲಿಗೆ ಬಂದದ್ದೇ ತಡ, ಚೌಡ ಚಂಗನೆ ಎದ್ದು ನನ್ನ ಕೈಯಿಂದ ಧೂಪಾರತಿಯನ್ನೇ ಕಿತ್ತುಕೊಂಡ.

"ಅತ್ಗೆ, ಇದೇ ವಾಸನೆ. ಚಾ ಕೊಡೂಕೆ ಹೋದಾಗೆಲ್ಲ ಬತ್ತಿತ್ತು. ಅವ್ರು ದೇವ್ರಿಗೆ ಧೂಪ ಹಾಕ್ತಾರೆ, ಎಷ್ಟು ಭಕ್ತಿ ಅಂತ ನಾ ತಿಳ್ಕಂಡಿದ್ದೆ. ಅಲ್ಲಿ ದೇವ್ರ ಪಟವೇ ಇರ್ಲಿಲ್ಲ. ಅವ್ರು ಬೆಸುಗೆಗೆ ಹಾಕ್ತಿದ್ದದ್ದು ರಾಳ, ಆಸಿಡ್ ಅಲ್ಲ."

ದೇವರ ಮುಂದೆ ನಿಂತು ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಬುಧವಾರ ಮೊದಲ ಬಸ್ಸಿಗೆ ಹೊರಟು, ಹೊನ್ನಾವರದಲ್ಲಿ ಹೊಳೆ ದಾಟಿ, ಕುಮಟೆಯ ರೇಡಿಯೋ ಅಂಗಡಿಗೆ ಹೋದ. ದಾರದ ಹಾಗೆ ಸಪೂರವಾದ ಬೆಸುಗೆ ತಂತಿ ತಂದ. ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ, ಹೊಟ್ಟೆಯೊಳಗೆ ರಾಳ. ಗುರುವಾರ ಗದ್ದೆಗೆ ಹೋಗಲಿಲ್ಲ. ಕಿಲುಬನ್ನೆಲ್ಲ ಚೂರಿಯಿಂದ ಕೆರೆದು, ಒಂದೊಂದೇ ಬೆಸುಗೆ ಹೊಸದಾಗಿ ಹಾಕಿದ. ಕಬ್ಬಿಣ ಮುಟ್ಟಿಸಿದರೆ ಸಾಕು, ತಂತಿ ಕರಗಿ ಹರಿದು, ಬೆಳ್ಳಿಯ ಬೊಟ್ಟಿನ ಹಾಗೆ ಹೊಳೆದು ನಿಲ್ಲುತ್ತಿತ್ತು. ಮನೆಯಿಡೀ ಧೂಪದ ವಾಸನೆ. ಅತ್ತೆ ಕೂಡ ತಲೆ ಬಾಚಿ, ಅಬ್ಬಲಿಗೆ ಮುಡಿದು ಬಂದು ಕೂತಳು. ತನ್ನ ಹಾಡನ್ನು ಎದುರುಗೊಳ್ಳುವುದಕ್ಕೆ.

ಆರೂಕಾಲು. ಒಂದೇ ಗುಂಡಿ, ಮಂಜಿಯೂ ಸೇರಿ ನಾಲ್ಕು ಜನ. ನಾನು ಅದನ್ನು ಹಿತ್ತಾಳೆ ತಂಬಿಗೆಯೊಳಗೆ ಇಳಿಬಿಟ್ಟೆ. ತಂಬಿಗೆ ಗುಂಯ್ ಎಂದಿತು. ಅದರೊಳಗಿನಿಂದ ಹಾಡು ಬಂತು. ಚೌಡ ಬಾಯಿಗೆ ಪಂಚೆ ತುರುಕಿಕೊಂಡು ಅಳುತ್ತಿದ್ದನೋ ನಗುತ್ತಿದ್ದನೋ, ನನ್ನ ಕಣ್ಣು ತುಂಬಿ ಬಂದದ್ದರಿಂದ ಕಾಣಲಿಲ್ಲ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಅತ್ತೆ ಮಾತ್ರ ತಂಬಿಗೆಗೆ ಕಿವಿ ಹಚ್ಚಿ ಅಲುಗಾಡದೆ ಕೂತಿದ್ದಳು. ತನ್ನ ದನಿಯನ್ನು ಹೊರಗಿನಿಂದ ಅವಳು ಎಂದೂ ಕೇಳಿದವಳಲ್ಲ.

"ಇದು ನಾನಲ್ಲ," ಎಂದಳು ಮೆಲ್ಲಗೆ. "ಇದು ನಮ್ಮವ್ವಿ. ಅವ್ವಿ ಹಿಂಗೇ ಹಾಡ್ತಿತ್ತು."

ಹಾಡು ಮುಗಿದು ರೇಡಿಯೋದವರು ಮಾತು ಶುರುಮಾಡಿದರು. ಅತ್ತೆ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿದಳು.

"ತಡಿಯಾ, ತಮ್ಮಾ. ಅವ್ವಿ ಒಂದು ಸಾಲು ಬಿಟ್ತು."

ಹಾಗೆಂದು ಬಿಟ್ಟುಹೋದ ಸಾಲನ್ನು ತಂಬಿಗೆಯೊಳಗೇ ಹಾಡಿದಳು. ಮಂಜಿಯ ಮದುವೆಯ ಹಾಡು ನಮ್ಮ ಮನೆಯಲ್ಲಿ ನಾಲ್ಕು ದಿನ ಮೊದಲೇ ಶುರುವಾಯಿತು.