ತಮ್ಮನಾದ ಗಂಡ

ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಯುರೋಪಿನ ಪುಟ್ಟ ದೇಶದ ರೋಗಿಯೊಬ್ಬನನ್ನು ನೋಡಲು ಬಂದವನನ್ನು ಐಸಿಯು ಬಾಗಿಲಲ್ಲೇ ತಡೆದೆ. ರೂಮ್‌ಮೇಟ್ ಅಂದಿದ್ದ, ಒಳಗೆ ಮನೆಯವರನ್ನು ಮಾತ್ರ ಬಿಡುವುದು.

ಮರುದಿನ ಊರಿಂದ ಬಂದ ರೋಗಿಯ ತಾಯಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಇವನು ನನ್ನ ಮಗನ ಗಂಡ. ನಮ್ಮಲ್ಲಿ ಕಾನೂನು ಪ್ರಕಾರವೇ ಮದುವೆಯಾಗಿದ್ದಾರೆ."

ಇಲ್ಲಿ ಅದು ಜೈಲಿಗೆ ಹಾಕುವ ಅಪರಾಧ. ಅವನು ಬಿಳಿಚಿಕೊಂಡ. "ಅಮ್ಮನಿಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ. ನಾನು ರೋಗಿಯ ತಮ್ಮ" ಎಂದ. ಆಕೆಯ ಇಂಗ್ಲಿಷ್ ನನ್ನದಕ್ಕಿಂತ ಸ್ಪಷ್ಟವಾಗಿತ್ತು.

ಪಕ್ಕದಲ್ಲಿದ್ದ ಮಂಗಳೂರಿನ ಹಿರಿಯ ನರ್ಸ್ ನನ್ನ ತೋಳು ಹಿಡಿದರು. "ತಮ್ಮನಂತೆ ಮಾರಾಯ್ತಿ, ಒಳಗೆ ಬಿಡು. ಖಲಾಸ್."

ಬಿಟ್ಟೆ. ಗಂಡನೇ ತಮ್ಮನೆಂದು ಸುಳ್ಳು ಹೇಳಬೇಕಾದ್ದು ಎಂಥ ನ್ಯಾಯ ಎಂದು ಮೈ ಉರಿಯಿತು. ಒಳಗೆ ಹೋದವನು ಗಂಡನ ಕೈ ಮುಟ್ಟಲಿಲ್ಲ. ನಾವೆಲ್ಲ ನೋಡುತ್ತಿದ್ದೆವಲ್ಲ, ಮಂಚದ ಕಂಬಿ ಹಿಡಿದು ನಿಂತ.