ಕರಿಯಣ್ಣನ ಕೈ ನಡುಗುತ್ತಿರಲಿಲ್ಲ

ಕರಿಯಣ್ಣ, ಸಾಹುಕಾರರ ಮೋಟಾರನ್ನು ಕೆಡಿಸಿದವನು ನಾನು. ತಪ್ಪು ನಿನ್ನದು ಎಂದವನೂ ನಾನೇ — ಅದು ಸುಳ್ಳೆಂದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕುಳಿತೆ.

ನಾನು ಎತ್ತಿನ ಗಾಡಿಗೆ ಚಕ್ರ ಮಾಡುತ್ತಿದ್ದವನು. ದುರ್ಗಕ್ಕೆ ಮೋಟಾರುಗಳು ಬಂದಾಗ ಅವುಗಳ ರಿಪೇರಿಗೂ ಕೈಹಾಕಿದೆ. ಅಂದು ಸಾಹುಕಾರರ ಡ್ರೈವರಾಗಿದ್ದ ನೀನು ಎಣ್ಣೆ ಹಾಕಿಸಲು ತಂದ ಕಾರಿನ ಮುಂದಿನ ಚಕ್ರಗಳು ಒಂದಿಷ್ಟು ಒಳಕ್ಕೆ ಮುಖಮಾಡಿದ್ದವು. ಗಾಡಿಯ ಚಕ್ರ ಹಾಗಿದ್ದರೆ ಎತ್ತಿನ ಹೆಗಲು ಕಿತ್ತುಹೋಗುತ್ತದೆ. ಯಾರೂ ಕೇಳದಿದ್ದರೂ ದಾರ ಹಿಡಿದು ನೋಡಿ, ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ಸರಳನ್ನು ತಿರುಗಿಸಿ ಅವನ್ನು ನೇರ ಮಾಡಿದೆ. ನಿನಗೆ ಹೇಳಲೂ ಇಲ್ಲ.

ಆಮೇಲೆ ಶುರುವಾಯಿತು ಪೀಡೆ. ಕಾರು ನೇರ ಹೋಗದು. ಒಮ್ಮೆ ಎಡಕ್ಕೆ ವಾಲುತ್ತದೆ, ತಿದ್ದಿದರೆ ಬಲಕ್ಕೆ ಓಡುತ್ತದೆ. ಟೈರಿಗೆ ಗಾಳಿ ತುಂಬಿದೆ, ಕೀಲುಗಳನ್ನು ಬಿಚ್ಚಿ ತೊಳೆದೆ, ಸ್ಟೀರಿಂಗಿನ ಹಲ್ಲುಚಕ್ರಕ್ಕೆ ಗ್ರೀಸು ಮೆತ್ತಿದೆ — ಥೂ, ಏನು ಮಾಡಿದರೂ ಅದೇ ಅಲೆದಾಟ! ಎಲ್ಲವನ್ನೂ ಮತ್ತೆ ಮತ್ತೆ ನೋಡಿದೆ, ಆ ಸರಳೊಂದನ್ನು ಬಿಟ್ಟು. ನಾನೇ ಸರಿಮಾಡಿದ್ದು ತಪ್ಪಾಗುವುದಾದರೂ ಹೇಗೆ?

"ನೀವು ಕೈ ಹಾಕಿದ ಮ್ಯಾಲೇ ಹಿಂಗಾಗೈತ್ರಿ, ಆಚಾರ್ರೆ. ಇನ್ನೊಂದ್ಸಲ ನೋಡ್ರಿ" ಎಂದೆ ನೀನು. ನನಗೆ ಮೈಯೆಲ್ಲ ಉರಿಯಿತು.

ಆ ವಾರವೇ ಹೊಸದುರ್ಗದ ದಾರಿಯಲ್ಲಿ ಕಾರು ಹಳ್ಳಕ್ಕೆ ಇಳಿಯಿತು. ಸಾಹುಕಾರರಿಗೆ ಪೆಟ್ಟಾಗಲಿಲ್ಲ, ಸಿಟ್ಟು ಮಾತ್ರ ನೆತ್ತಿಗೇರಿತ್ತು. "ಏನಪ್ಪ, ತಪ್ಪು ಗಾಡೀದೋ, ಇವಂದೋ?" ಎಂದು ನಿನ್ನೆದುರೇ ನನ್ನನ್ನು ಕೇಳಿದರು.

"ಗಾಡಿ ಸರಿ ಐತ್ರಿ. ಇವನ ಕೈ ನಡುಗ್ತೈತೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ — ನಾನು ಮನುಷ್ಯನನ್ನೇ ಡೊಂಕು ಎಂದೆ. ನಿನ್ನ ಕೆಲಸ ಹೋಯಿತು. ಮಾತು ಹಿರಿಯೂರಿನವರೆಗೂ ಹಬ್ಬಿ, ಮತ್ತೆ ಯಾರೂ ನಿನ್ನ ಕೈಗೆ ಮೋಟಾರು ಕೊಡಲಿಲ್ಲ. ನೀನು ನಿಮ್ಮೂರು ಬಿ.ದುರ್ಗಕ್ಕೆ ಮರಳಿ ಅಪ್ಪನ ಕುರಿಗಳ ಹಿಂದೆ ಹೋದೆ.

ಕೆಲವೇ ದಿನಕ್ಕೆ ಅದೇ ಮಾದರಿಯ ಹೊಚ್ಚಹೊಸ ಕಾರೊಂದು ನೀರಿಗೆಂದು ನನ್ನ ಅಂಗಡಿಯ ಮುಂದೆ ನಿಂತಿತು. ಅದರ ಚಕ್ರಗಳೂ ಒಳಕ್ಕೇ ಮುಖಮಾಡಿದ್ದವು! ಅವು ಇರಬೇಕಾದದ್ದೇ ಹಾಗೆ. ಸದ್ದಿಲ್ಲದೆ ಹೋಗಿ ಸಾಹುಕಾರರ ಕಾರಿನ ಸರಳನ್ನು ಮೊದಲಿನಂತೆ ತಿರುಗಿಸಿದೆ. ಅದು ತೆಪ್ಪಗೆ ಓಡಿತು. "ಹೊಸ ಡ್ರೈವರ್ ಕೈ ಚೆನ್ನಾಗೈತೆ" ಎಂದು ಅವರು ಹೊಗಳಿದರು. ನಾನು ಹೌದೆಂದು ತಲೆಯಾಡಿಸಿದೆ.

ವರ್ಷಗಳ ಮೇಲೆ ಹೊಳಲ್ಕೆರೆ ಸಂತೆಯಲ್ಲಿ ಸಿಕ್ಕಿದಾಗ ನೀನು ಬೈಯಲಿಲ್ಲ. ನೀನೇ ಕೈ ಚಾಚಿದೆ. "ನೋಡ್ರಿ ಆಚಾರ್ರೆ, ಇನ್ನೂ ನಡುಗ್ತೈತಾ? ನಂಗೆ ಕಾಣ್ತಿಲ್ಲ." ಕೈ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. "ಒಂಚೂರು ಐತೆ" ಎಂದೆ. ಯಾಕೆ ಹಾಗೆಂದೆನೋ... ಇಲ್ಲ, ಗೊತ್ತು. 'ನಡುಗುತ್ತಿಲ್ಲ' ಎಂದಿದ್ದರೆ ಮಿಕ್ಕಿದ್ದೆಲ್ಲವನ್ನೂ ಹೇಳಬೇಕಾಗುತ್ತಿತ್ತು.

ಮೊನ್ನೆ ನಿಮ್ಮೂರಿನವರೊಬ್ಬರು ಹೇಳಿದರು: ಮಗ ಮೋಟಾರು ಕಲಿಯುತ್ತೇನೆಂದರೆ ನೀನು ಬಿಡುತ್ತಿಲ್ಲವಂತೆ. "ನಮ್ ರಕ್ತದಾಗೇ ನಡುಕ ಐತೆ ಕಣೋ" ಎನ್ನುತ್ತೀಯಂತೆ.

ನಾಳೆ ಬೆಳಿಗ್ಗೆ ಬಿ.ದುರ್ಗಕ್ಕೆ ಹೊರಡುತ್ತೇನೆ. ನಿನ್ನ ಮಗನೆದುರು, ಊರವರೆದುರು ಇದನ್ನೇ ಹೇಳುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ಮಗನನ್ನು ಕಲಿಯಲು ಬಿಡು, ಕರಿಯಣ್ಣ. ನಿಮ್ಮ ರಕ್ತದಲ್ಲಿ ಏನೂ ಇಲ್ಲ.