ಅತ್ತೆಯ ಬೈಬಲ್ಲಿನ ಏಳು ಪುಸ್ತಕ

ಹೊಸ ಬೈಬಲ್ಲಿಗೆ ಹೊಸ ಚಪ್ಪಲಿಯ ವಾಸನೆ ಇರುತ್ತೆ, ಗಮನಿಸಿದ್ದೀರಾ? ಬೆಳಿಗ್ಗೆ ಮಗಳು ಅಂಥದ್ದೊಂದನ್ನು ಕೈಗಿಟ್ಟಳು. ಬೀಗರಾಗುವವರು ಕಳಿಸಿದ್ದು. ಅವರು ಪ್ರೊಟೆಸ್ಟೆಂಟರು, ನಾವು ಕ್ಯಾಥೊಲಿಕರು; ಒಳ್ಳೆ ಜನ. ಸಂಜೆ ಸೌತ್ ಬಿ ಬಡಾವಣೆಯ ನಮ್ಮ ಮನೆಗೆ ಚಹಾಕ್ಕೆ ಬರುತ್ತಾರೆ. ಇವತ್ತೇ ನನ್ನ ಸಾಕಿದ ರೋಜಿ ಅತ್ತೆ ತೀರಿಕೊಂಡ ದಿನ. ಸತ್ತವರಿಗಾಗಿ ಪ್ರಾರ್ಥಿಸುವುದು ಒಳ್ಳೆಯದೆನ್ನುವ ಮಕ್ಕಬಿಯರ ಪುಸ್ತಕದ ಭಾಗವನ್ನು ಪ್ರತಿವರ್ಷ ಓದುತ್ತೇವೆ. ಹೊಸದರಲ್ಲಿ ಹುಡುಕಿದೆ. ಆ ಪುಸ್ತಕವೇ ಇಲ್ಲ! ಮೈಯೆಲ್ಲ ಉರಿದುಹೋಯಿತು.

ನಾನು ಇತಿಹಾಸದ ಟೀಚರು, ಬಾಯಿ ತೆಗೆದರೆ ಪಾಠ ಅಂತ ಮನೆಯವರ ದೂರು. ಸ್ವಲ್ಪ ತಾಳಿಕೊಳ್ಳಿ. ಅಂಥ ಏಳು ಪುಸ್ತಕಗಳನ್ನು ಶತಮಾನಗಟ್ಟಲೆ ನಮ್ಮವರು ಓದಿಕೊಂಡೇ ಬಂದಿದ್ದರು. ಅನುಮಾನಪಟ್ಟ ಪಂಡಿತರೂ ಇದ್ದರು, ಆದರೂ ಯಾರೂ ಹೊರಗೆ ಹಾಕಿರಲಿಲ್ಲ. ಈ ಪ್ರೊಟೆಸ್ಟೆಂಟರ ಮೂಲಪುರುಷರು, ಜರ್ಮನಿಯ ಸುಧಾರಕರು ಬಂದು, ಹೀಬ್ರೂ ಬೈಬಲ್ಲಿನಲ್ಲಿ ಇವಿಲ್ಲ ಎಂದು ಹಳೇ ಒಡಂಬಡಿಕೆಯ ಕೊನೆಗೆ ತಳ್ಳಿದರು. ಆಮೇಲಿನವರು ಅಚ್ಚು ಹಾಕುವುದನ್ನೇ ಬಿಟ್ಟರು. ನಮ್ಮ ಬಿಷಪ್ಪರೋ, ಟ್ರೆಂಟ್ ಊರಿನಲ್ಲಿ ಸಭೆ ಸೇರಿ, ಇವೂ ಪವಿತ್ರ, ಒಪ್ಪದವನಿಗೆ ಶಾಪ ಅಂತ ತೀರ್ಮಾನಿಸಿದರು. ಮನೆ ಪಾಲಾಗುವಾಗಲೇ ಅಲ್ಲವೇ ಯಾವ ಪಾತ್ರೆ ಯಾರದು ಅನ್ನೋ ಮಾತು ಬರೋದು? ಅವರವರ ಜಗಳ ಅವರಿಗೆ. ಏಟು ಬಿದ್ದಿದ್ದು ನಮ್ಮ ಅತ್ತೆಗೆ.

ಮಾಮ ತೀರಿಕೊಂಡ ಮರುವರ್ಷ ಅತ್ತೆ ಅಕ್ಕಪಕ್ಕದವರನ್ನು ಊಟಕ್ಕೆ ಕರೆದು, ಮೊದಲು ಆ ಭಾಗ ಓದಲು ಶುರುಮಾಡಿದಳು. ಒಬ್ಬ ಫ್ಯಾಕ್ಟರಿ ಮ್ಯಾನೇಜರು ಕೈಯೆತ್ತಿದ. "ಸಿಸ್ಟರ್, ಇದು ಬೈಬಲ್ಲಿನಲ್ಲೇ ಇಲ್ಲ. ಸತ್ತವರಿಗೆ ಪ್ರಾರ್ಥನೆ ಮಾಡಿ ಏನು ಪ್ರಯೋಜನ?"

ಅವಳ ಪಲಾವಿನ ವಾಸನೆ ಹೀರುತ್ತಾ ಕೂತು, ಅವಳ ಗಂಡನಿಗೆ ಪ್ರಾರ್ಥನೆ ಬೇಡ ಅಂತಾನಲ್ಲ, ಇವನ ಬಾಯಿಗೆ ಮಣ್ಣು ಹಾಕ! ಅತ್ತೆ ಬೈಬಲ್ ಮುಚ್ಚಿದಳು. "ಊಟ ಆರುತ್ತೆ, ಬನ್ನಿ" ಅಂದಳು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಮೆಲ್ಲಗೆ ಉಳಿದದ್ದನ್ನು ಓದಿದಳು. ನೀರಿಗೆ ನಾವು ಬಾಯಿಬಾಯಿ ಬಿಡುತ್ತಿದ್ದ ಕಾಲ.

"ನಲ್ಲಿ ಯಾಕತ್ತೆ?"

"ಪಕ್ಕದವರಿಗೆ ಕೇಳಿಸಬಾರದು ಕಣೇ."

ಸಾಯುವವರೆಗೂ ಹಾಗೇ ಓದಿದಳು.

ಮಧ್ಯಾಹ್ನ ಮಗಳು ಎಂದಿನಂತೆ ಇಂಗ್ಲಿಷಿನಲ್ಲಿ ಗೋಗರೆದಳು: ಅವರು ಹೋದ ಮೇಲೆ ಓದಬಹುದಲ್ಲ, ಸುಮ್ಮನೆ ಯಾಕೆ ಮನಸ್ತಾಪ?

"ನಲ್ಲಿ ಬಿಟ್ಕೊಂಡು ಓದ್ಲಾ?" ಅಂತ ರೇಗಿದೆ.

ಅವಳಿಗೆ ಅರ್ಥವಾಗಲಿಲ್ಲ. ನಿಮಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಕೇಳಿದವಳೇ ಅತ್ತೆಯ ಹಳೇ ಬೈಬಲ್ ತಂದು, ಬೀಗರು ಕೂರುವ ಸೋಫಾದ ಎದುರಿಗೇ ಇಟ್ಟಳು. ಅಡುಗೆಮನೆಗೆ ಹೋಗಿ, ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದಳು.

ಈಗ ಗೇಟಿನ ಸದ್ದಾಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಕನ್ನಡಕ ಹಾಕಿಕೊಂಡೆ.

"ಜೋರಾಗಿ ಓದು ಮಮ್ಮಿ" ಅಂದಳು ಮಗಳು, ಕನ್ನಡದಲ್ಲಿ.